ಮುಚ್ಚಳದ ಒಳಗಿನ ಗುರುತು

“ಇವನಾ? ಇವನು ಗಾಡಿ ಒರೆಸುವವನು ಮಾರಾಯ. ನಟ್ ಯಾವುದು ಬೋಲ್ಟ್ ಯಾವುದು ಅಂತ ಹೇಳಿಕೊಡ್ಲಿಕ್ಕೇ ನನಗೆ ಎರಡು ವರ್ಷ ಹೋಯಿತು. ಒಂಬತ್ತನೇ ಕ್ಲಾಸ್ ದಾಟದವನ ಕೈಗೆ ಯಾರಾದ್ರೂ ಜರ್ಮನ್ ಇಂಜಿನ್ ಕೊಡ್ತಾರಾ?”

ಗ್ಯಾರೇಜಿನ ಯಜಮಾನ ಝೇವಿಯರ್ ಪೊರ್ಬುಗಳು ಅಂಗಳದ ಕುರ್ಚಿಯಲ್ಲಿ ಕೂತು ಇದನ್ನು ಹೇಳುವಾಗ ನಾನು ಬೈಕನ್ನು ಗ್ಯಾರೇಜಿನ ಒಳಗಿನಿಂದ ಅಂಗಳಕ್ಕೆ ತಳ್ಳಿಕೊಂಡು ಬರುತ್ತಿದ್ದೆ. ಅಂಗಳದಲ್ಲಿ ಬೈಕ್ ಕೊಳ್ಳಲು ಬಂದ ಸೆಡ್ರಿಕ್ ಇದ್ದ. ಅವನ ಜೊತೆ ಫೋನ್ ಎತ್ತಿ ಹಿಡಿದುಕೊಂಡು ಬಂದ ಇರ್ವಿನ್ ಇದ್ದ. ಪೊರ್ಬುಗಳ ಹೆಂಡತಿ ನೆಲ್ಲಿ ಬಾಯಮ್ಮ ಶರಬತ್ತಿನ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ಮನೆಗೆ ಹೊರಟಿದ್ದ ನೆರೆಯವರು ಇಬ್ಬರು ಗೇಟಿಗೆ ಒರಗಿ ನಿಂತಿದ್ದರು. ಬಾಯಮ್ಮ ಒಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು. ಇರ್ವಿನ್‌ನ ಫೋನು ಬೈಕನ್ನು ಬಿಟ್ಟು ನನ್ನ ಮುಖದ ಕಡೆಗೆ ತಿರುಗಿತು.

ನೂರೈವತ್ತು ಕಿಲೋ ಮೀರಿದ ಗಾಡಿ ಅದು. ಕೈ ಬಿಟ್ಟಿದ್ದರೆ ಸಾಕಿತ್ತು. ಅಂಗಳದ ಕೆಂಪು ಕಲ್ಲಿನ ಮೇಲೆ ಟ್ಯಾಂಕ್ ಬಡಿಯುವ ಸದ್ದು ಹೇಗಿರುತ್ತದೆ ಎಂದು ಒಂದು ಕ್ಷಣ ಯೋಚಿಸಿದೆ. ಆಮೇಲೆ ಸ್ಟ್ಯಾಂಡ್ ಹಾಕಿದೆ.

ಅವರು ಕನ್ನಡದಲ್ಲಿ ಹೇಳಿದ್ದು ನನಗೆ ಹೆಚ್ಚು ಉರಿಯಿತು. ಗ್ಯಾರೇಜಿನಲ್ಲಿ ನಾವಿಬ್ಬರೂ ತುಳು. ಮನೆಯ ಒಳಗೆ ಅವರದು ಕೊಂಕಣಿ. ಬೈದರೂ ಆ ಎರಡರಲ್ಲಿ ಯಾವುದಾದರೂ ಒಂದರಲ್ಲಿ ಬೈಯಬೇಕಿತ್ತು. ಆದರೆ ಇರ್ವಿನ್ ಹಳೆಯ ಬೈಕುಗಳ ವಿಡಿಯೊ ಮಾಡಿ ಹಾಕುವವನು. ಅವನ ವಿಡಿಯೊವನ್ನು ಹುಬ್ಬಳ್ಳಿಯವರೂ ಮೈಸೂರಿನವರೂ ನೋಡುತ್ತಾರಂತೆ. ಹಾಗಾಗಿ ಎಲ್ಲರೂ ಕನ್ನಡದಲ್ಲೇ ಮಾತಾಡಬೇಕೆಂದು ಅವನು ಬಂದ ಕೂಡಲೇ ಹೇಳಿದ್ದ. ನನ್ನನ್ನು ಒರೆಸುವವನು ಎಂದದ್ದು ಹುಬ್ಬಳ್ಳಿಯವರಿಗೂ ಅರ್ಥವಾಗಬೇಕಿತ್ತು.

ಹಿಂದಿನ ದಿನ ಸಂಜೆ ಇದೇ ಪೊರ್ಬುಗಳು ಇದೇ ಅಂಗಳದಲ್ಲಿ ಹೇಳಿದ್ದೇ ಬೇರೆ.

“ನಾಳೆ ಸೆಡ್ರಿಕ್ ಬರ್ತಾನೆ. ದುಬೈಯಿಂದ ಬಂದು ಬಿಜೈಯಲ್ಲಿ ಮನೆ ಮಾಡಿದ್ದಾನೆ. ಮನೆಯ ಹಿಂದೆ ಶೆಡ್ ಹಾಕಿಸಿ ಆರು ಹಳೆ ಗಾಡಿ ಇಟ್ಟಿದ್ದಾನೆ, ಎಲ್ಲ ಜರ್ಮನ್. ಮುಟ್ಟಲಿಕ್ಕೆ ಗೊತ್ತಿರುವ ಜನ ಸಿಗುವುದಿಲ್ಲ ಅಂತ ಅಳ್ತಾ ಇದ್ದಾನೆ. ಇದನ್ನು ಕಟ್ಟಿದ್ದು ನೀನು ಅಂತ ನಾನೇ ಹೇಳ್ತೇನೆ. ನನ್ನ ಬಾಯಿಂದ ಬಂದರೆ ಆಯಿತು. ಬೇರೆ ಸರ್ಟಿಫಿಕೇಟ್ ಬೇಡ ನಿನಗೆ.”

ಬೇರೆ ಸರ್ಟಿಫಿಕೇಟ್ ನನ್ನ ಹತ್ತಿರ ಇರಲೂ ಇಲ್ಲ. ಕುಲಶೇಖರದ ರಸ್ತೆ ಅಗಲ ಮಾಡುತ್ತಾರೆಂದು ಗ್ಯಾರೇಜಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗಿದ್ದಾರೆ. ಅರ್ಧ ಗ್ಯಾರೇಜು ಆ ಗುರುತಿನ ಆಚೆಗಿದೆ. ಉಳಿದ ಅರ್ಧದಲ್ಲಿ ಒಂದು ಸ್ಕೂಟರನ್ನು ಅಡ್ಡ ನಿಲ್ಲಿಸಲೂ ಜಾಗ ಸಾಲದು. ತಿಂಗಳ ಕೊನೆಗೆ ಬಾಗಿಲು ಹಾಕುವುದೆಂದು ಪೊರ್ಬುಗಳು ತೀರ್ಮಾನ ಮಾಡಿದ್ದರು. ಬೈಕನ್ನು ಇಡಲು ಜಾಗವಿಲ್ಲದೆ ಅದನ್ನೂ ಮಾರುವುದೆಂದಾಯಿತು. ನಾನು ಪಂಪ್‌ವೆಲ್ಲಿನ ಹತ್ತಿರ ಒಂದು ಶೋರೂಮಿಗೆ ಹೋಗಿ ಕೆಲಸ ಕೇಳಿದ್ದೆ. ಟೈ ಕಟ್ಟಿದ ಒಬ್ಬ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಉಂಟಾ ಎಂದು ಕೇಳಿದ. ಇಲ್ಲ ಎಂದೆ. ಐಟಿಐ? ಇಲ್ಲ. ಹಾಗಾದರೆ ವಾಶಿಂಗಿನಲ್ಲಿ ಜಾಗ ಉಂಟು ಎಂದ. ಅವನಿಗೂ ನಾನು ಒರೆಸುವವನೇ.

ಶಾಲೆ ಬಿಟ್ಟದ್ದು ನನ್ನ ತಲೆ ಓಡದೆ ಅಲ್ಲ. ಎಂಟನೇ ಕ್ಲಾಸಿನಿಂದಲೇ ಸಂಜೆ ಹೊತ್ತು ನಾನು ಪೊರ್ಬುಗಳ ಗ್ಯಾರೇಜಿಗೆ ಬಂದು ಕೂರುತ್ತಿದ್ದೆ. ಉಗುರಿನ ಸಂದಿಯ ಕರಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಒಂಬತ್ತರಲ್ಲಿ ಗಣಿತದ ಮಾಸ್ಟ್ರು ಒಂದು ದಿನ ನನ್ನ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಮೇಲೆತ್ತಿದರು. “ಭಟ್ರ ಮಗನ ಕೈ ನೋಡಿ ಮಕ್ಕಳೇ. ಇದರಲ್ಲಿ ನಾಳೆ ನಿಮಗೆಲ್ಲ ತೀರ್ಥ ಕೊಡ್ತಾನೆ.” ಐವತ್ತು ಜನ ನಕ್ಕರು. ಚೀಲ ಎತ್ತಿಕೊಂಡು ಹೊರಗೆ ಬಂದವನು ಮತ್ತೆ ಆ ಕಡೆ ಹೋಗಲಿಲ್ಲ.

ಅಪ್ಪ ಹರಿದಾಸ ಭಟ್ಟರು ದೇವಸ್ಥಾನದ ಅರ್ಚಕರು. ಅವರು ಹೊಡೆಯಲಿಲ್ಲ, ಬೈಯಲಿಲ್ಲ. ಅವತ್ತಿನಿಂದ ನಾನು ಮಿಂದು ಬಂದು ಊಟಕ್ಕೆ ಕೂತಾಗಲೂ ಒಮ್ಮೆ ನನ್ನ ಉಗುರು ನೋಡುತ್ತಾರೆ, ಅಷ್ಟೆ. ಹನ್ನೊಂದು ವರ್ಷವಾಯಿತು, ಇವತ್ತಿಗೂ ನೋಡುತ್ತಾರೆ.

ಪೊರ್ಬುಗಳು ಮಾತ್ರ ನನ್ನ ಕೈ ನೋಡಿ ಬೇರೆ ಮಾತು ಹೇಳಿದ್ದರು. “ಏ ಭಟ್ಟ, ನಿನ್ನ ಬೆರಳಿನ ತುದಿಯಲ್ಲಿ ಕಣ್ಣುಂಟು ಮಾರಾಯ.” ಅವರು ನನ್ನನ್ನು ಕರೆಯುವುದೇ ಭಟ್ಟ ಎಂದು. ಊರಿನ ಕ್ರಿಸ್ತುವ ಹಿರಿಯರನ್ನು ನಮ್ಮವರು ಕರೆಯುವ ಹಾಗೆ ನಾನು ಅವರನ್ನು ಪೊರ್ಬುಳೇ ಎಂದು ಕರೆಯುತ್ತಿದ್ದೆ. ರಘುವೀರ ಎಂಬ ಹೆಸರು ಅವರಿಗೆ ನೆನಪಿತ್ತೋ ಇಲ್ಲವೋ.

ಆ ಬೈಕು ಬಂದದ್ದು ನಾಲ್ಕು ವರ್ಷದ ಹಿಂದೆ, ಬಿಡಿ ತುಂಡುಗಳಾಗಿ ಗೋಣಿಚೀಲಗಳಲ್ಲಿ. ಹಿಂದೆ ಇಲ್ಲಿ ಇದ್ದ ಒಬ್ಬ ಜರ್ಮನ್ ಪಾದ್ರಿ ಊರಿಗೆ ಮರಳುವಾಗ ಯಾರಿಗೋ ಕೊಟ್ಟು ಹೋದ ಗಾಡಿ. ಪಡೆದವರ ಮನೆಯ ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ಬಿದ್ದಿತ್ತು. ಟ್ಯಾಂಕಿನ ಕೆಳಗೆ ಕೋಳಿ ಮೊಟ್ಟೆ ಇಟ್ಟ ಗುರುತು ಇತ್ತು. ಸಾವಿರದ ಒಂಬೈನೂರ ಐವತ್ತೇಳರ ಬಿಎಂಡಬ್ಲ್ಯು, ಒಂದೇ ಸಿಲಿಂಡರು. ಚೈನ್ ಇಲ್ಲ. ಕಾರಿನ ಹಾಗೆ ಹಿಂದಿನ ಚಕ್ರಕ್ಕೆ ಒಂದು ಕಬ್ಬಿಣದ ಶಾಫ್ಟು ಹೋಗುತ್ತದೆ. ಕೀ ಅಂದರೆ ಕೀ ಅಲ್ಲ, ಮೊಳೆಯಂಥದ್ದು, ಹೆಡ್‌ಲೈಟಿನ ನೆತ್ತಿಗೆ ಚುಚ್ಚುವುದು. ಪೊರ್ಬುಗಳು ಅದನ್ನು ಸಾಯುವ ಮೊದಲು ಓಡಿಸಬೇಕೆಂದು ಕೊಂಡದ್ದು.

ಕೊಂಡ ಮೂರನೇ ತಿಂಗಳಿಗೆ ಅವರ ಬಲಗೈ ನಡುಗಲು ಶುರುವಾಯಿತು. ಆಮೇಲೆ ಎಡಗೈ. ನರದ ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ನುಂಗಿದ ಒಂದು ಗಂಟೆ ಕಡಿಮೆಯಾಗುತ್ತದೆ, ಮತ್ತೆ ಅದೇ. ಹೊರಗಿನವರು ಬಂದರೆ ಅವರು ಮಡಿಲಲ್ಲಿ ಮೈ ಒರೆಸುವ ಬೈರಾಸು ಹರಡಿ ಎರಡೂ ಕೈಗಳನ್ನು ಅದರ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು. ಕೇಳಿದವರಿಗೆ ಕೈಯಲ್ಲಿ ಗ್ರೀಸ್ ಉಂಟು ಎನ್ನುತ್ತಿದ್ದರು. ಉಡುಪಿಯಿಂದ ಕಾಸರಗೋಡಿನವರೆಗೆ ಹಳೆಯ ಇಂಜಿನ್ ಎಂದರೆ ಝೇವಿಯರ್ ಕೈ ಎನ್ನುವ ಕಾಲವಿತ್ತು. ಆ ಕೈ ಈಗ ಸ್ಪ್ಯಾನರ್ ಹಿಡಿದರೆ ಬೋಲ್ಟಿನ ತಲೆಗೆ ಅದು ಟಕಟಕ ಬಡಿಯುತ್ತಿತ್ತು.

ಬೈಕನ್ನು ಕಟ್ಟಿದ್ದು ನಾನು. ಸುಳ್ಳು ಹೇಳುವುದಿಲ್ಲ, ಕಟ್ಟಿಸಿದ್ದು ಅವರು. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ “ಬೆರಳು ಹಾಕು ಭಟ್ಟ, ಎಂತ ಸಿಗ್ತದೆ?” ಎಂದು ಕೇಳುತ್ತಿದ್ದರು. ಒಂದು ಸಣ್ಣ ಗೀರು ಸಿಗ್ತದೆ ಎಂದರೆ “ಉಗುರು ಸಿಕ್ಕಿಕೊಳ್ತದಾ, ಜಾರ್ತದಾ?” ಎಂದು ಕೇಳುತ್ತಿದ್ದರು. ಸಿಕ್ಕಿಕೊಂಡರೆ ಆ ತುಂಡು ಕಸಕ್ಕೆ. ಜಾರಿದರೆ ಇಟ್ಟುಕೊಳ್ಳುವುದು. ಹೀಗೆ ಮೂರೂವರೆ ವರ್ಷ. ಅವರ ಕಿವಿ, ನನ್ನ ಕೈ. ಹೊರಗಿನ ಒಂದು ನರಪ್ರಾಣಿಗೂ ಇದು ಗೊತ್ತಿರಲಿಲ್ಲ.

ಟ್ಯಾಂಕಿನ ಮೇಲಿನ ಬಿಳಿ ಗೆರೆ ಮಾತ್ರ ಪೂರ್ತಿ ನನ್ನದು. ಕರಿ ಬಣ್ಣದ ಮೇಲೆ ಕೈಯಿಂದಲೇ ಎಳೆಯಬೇಕಾದ ಜೋಡಿ ಗೆರೆ, ಒಂದು ದಪ್ಪ, ಅದರ ಬದಿಗೆ ಒಂದು ಸಪೂರ. ಬಸ್ಸಿಗೆ ಹೆಸರು ಬರೆಯುವ ಒಬ್ಬರು ಬಂದು ನೋಡಿ ಆಗುವುದಿಲ್ಲ ಎಂದು ಹೋದರು. ನಾನು ಎಳೆದೆ. ಚಿಕ್ಕವನಿದ್ದಾಗ ಅಪ್ಪ ಪೂಜೆಗೆ ಮಂಡಲ ಬರೆಯುವಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಬಿಳಿ ಹುಡಿಯನ್ನು ಬೆರಳ ಸಂದಿಯಿಂದ ಬಿಡುತ್ತಾ ಉಸಿರು ಹಿಡಿದು ಗೆರೆ ಎಳೆಯುವುದು, ಗೆರೆ ಮುಗಿದ ಮೇಲೆ ಉಸಿರು ಬಿಡುವುದು. ಆ ಕೈಯೇ ಈ ಟ್ಯಾಂಕಿನ ಮೇಲೆ ಹೋಯಿತು. ಅಪ್ಪನಿಗೆ ಇದು ಗೊತ್ತಿಲ್ಲ. ಹೇಳಿದರೆ ಅವರು ಎಂತ ಮಾಡುತ್ತಾರೆಂದು ನನಗೂ ಗೊತ್ತಿಲ್ಲ.

ಸೆಡ್ರಿಕ್ ಈಗ ಆ ಗೆರೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ತಂಪು ಕನ್ನಡಕ ಹಣೆಯ ಮೇಲಕ್ಕೆ ಏರಿಸಿದ್ದ.

“ಅಂಕಲ್, ಇದು ಸ್ಟಿಕ್ಕರ್ ಅಲ್ವಲ್ಲ?”

“ಸ್ಟಿಕ್ಕರ್ ಅಂಟಿಸುವವನ ಹತ್ತಿರ ನೀನು ಬರ್ತಿದ್ದೆಯಾ?” ಎಂದರು ಪೊರ್ಬುಗಳು.

“ನಿಮಗೆ ಕೈ ನಡುಗ್ತದೆ ಅಂತ ಯಾರೋ ಹೇಳಿದ್ರು ನನಗೆ. ಇರ್ವಿನ್, ಇದನ್ನು ಹತ್ತಿರದಿಂದ ತೆಗಿ. ಇದು ನಡುಗುವ ಕೈಯ ಗೆರೆಯಾ?”

“ಜನ ಹೇಳ್ತಾರೆ” ಎಂದರು ಪೊರ್ಬುಗಳು. ಬೈರಾಸಿನ ಕೆಳಗೆ ಏನೋ ಅಲುಗಿತು. ಅವರು ಕಾಲಿನ ಮೇಲೆ ಕಾಲು ಹಾಕಿದರು.

ಇನ್ನು ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಒಂದು ತಮಾಷೆ ಮಾಡಿ, ಆಮೇಲೆ ನನ್ನ ಬೆನ್ನು ತಟ್ಟಿ, ಇಲ್ಲ ಮಾರಾಯ, ಇವನೇ ಮಾಡಿದ್ದು ಎನ್ನುವುದಕ್ಕೆ ಇನ್ನೂ ಹೊತ್ತಿತ್ತು. ಅವರು ಹಾಗೆ ಮಾಡುವ ಮನುಷ್ಯ ಹೌದು. ಎಷ್ಟೋ ಗಿರಾಕಿಗಳನ್ನು ಹಾಗೆ ಬೆಸ್ತು ಬೀಳಿಸಿದ್ದಾರೆ. ನಾನು ಬಟ್ಟೆ ತೆಗೆದುಕೊಂಡು ಮಡ್‌ಗಾರ್ಡ್ ಒರೆಸಿದೆ. ಒರೆಸುವವನು ಎಂದರಲ್ಲ, ಒರೆಸಿದೆ.

“ಭಟ್ಟ, ಸ್ಟಾರ್ಟ್ ಮಾಡು” ಎಂದರು.

“ನೀವು ಮಾಡಿ ಅಂಕಲ್, ವಿಡಿಯೊಕ್ಕೆ ಚಂದ” ಎಂದ ಇರ್ವಿನ್.

“ಮಂಡಿನೋವು ಮಾರಾಯ. ಅವ ಮಾಡ್ಲಿ. ಒದೆಯಲಿಕ್ಕೆ ತಲೆ ಬೇಡ, ಕಾಲು ಸಾಕು.”

ಮತ್ತೆ ನಗು. ಗೇಟಿನ ಹತ್ತಿರ ನಿಂತವರಲ್ಲಿ ಒಬ್ಬ ಕೆಮ್ಮುವಷ್ಟು ನಕ್ಕ.

ಪೆಟ್ರೋಲಿನ ಕಾಕ್ ತೆರೆಯದೆ ಹತ್ತು ಸಲ ಒದೆದು, ಆಗುವುದಿಲ್ಲ ಎಂದು ನಿಂತುಬಿಡಬಹುದಿತ್ತು. ಆಗ ನೀವೇ ಬನ್ನಿ ಪೊರ್ಬುಳೇ, ನಿಮ್ಮದೇ ಕೈ ಅಲ್ವಾ ಎನ್ನಬಹುದಿತ್ತು. ಬೆರಳು ಕಾಕಿನ ಮೇಲೆ ಹೋಗಿ ನಿಂತಿತು. ಆದರೆ ಗಾಡಿ ಎಂತ ಮಾಡಿದೆ? ಅದಕ್ಕೆ ಯಾಕೆ ಅವಮಾನ? ಕಾಕ್ ತೆರೆದೆ, ಮೊಳೆ ಚುಚ್ಚಿದೆ. ಆ ಬೈಕಿನ ಕಿಕ್ ಬೇರೆಯವುಗಳ ಹಾಗೆ ಹಿಂದಕ್ಕೆ ಹೋಗುವುದಿಲ್ಲ, ಬದಿಗೆ ಹೋಗುತ್ತದೆ. ಎಡಗಡೆ ನೆಲದ ಮೇಲೆ ನಿಂತು ಒತ್ತಬೇಕು. ಎರಡನೇ ಸಲಕ್ಕೆ ಹೊತ್ತಿಕೊಂಡಿತು. ದಪ್ಪ ಸದ್ದು, ಆತುರವಿಲ್ಲದ್ದು. ಸೀಟಿನ ಮೇಲೆ ಇರ್ವಿನ್ ಇಟ್ಟಿದ್ದ ಶರಬತ್ತಿನ ಗ್ಲಾಸು ಜಾರಲಿಲ್ಲ. ಸೆಡ್ರಿಕ್ ಬಾಯಿ ತೆರೆದು ಅದನ್ನೇ ನೋಡಿದ.

ಪೊರ್ಬುಗಳು ಕಣ್ಣು ಮುಚ್ಚಿಕೊಂಡಿದ್ದರು. ಕೆಲಸ ಮಾಡುವಾಗ ನಾನು ಹೇಳುವುದನ್ನು ಕೇಳುತ್ತಿದ್ದ ಅದೇ ಮುಖ. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಕೈ ತೊಳೆಯುವ ನೆಪ ಮಾಡಿ ಅಡುಗೆಮನೆಯ ಹಿಂದಿನ ನಳ್ಳಿಗೆ ಹೋದೆ.

ನೆಲ್ಲಿ ಬಾಯಮ್ಮ ಹಿಂದೆಯೇ ಬಂದರು. ಗ್ಲಾಸು ನೀಡಿದರು. ನಾನು ತೆಗೆದುಕೊಳ್ಳಲಿಲ್ಲ.

“ಬೇಜಾರು ಮಾಡ್ಬೇಡ ಪುತಾ.”

“ನಿನ್ನೆ ಅವರು ಎಂತ ಹೇಳಿದ್ದು, ನೀವೂ ಕೇಳಿದ್ದೀರಿ ಬಾಯಮ್ಮ.”

“ಕೇಳಿದ್ದೇನೆ. ಬೆಳಿಗ್ಗೆ ಇಗರ್ಜಿಗೆ ಹೊರಡುವಾಗಲೂ ಹೇಳಿದರು, ರಘುವಿನ ವಿಷಯ ಹೇಳಬೇಕು ಅಂತ.” ಅವರು ದನಿ ತಗ್ಗಿಸಿದರು. “ಇವತ್ತು ಅಂಗಿಯ ಬಟನ್ ಹಾಕಿದ್ದು ನಾನು. ಕಮ್ಯುನಿಯನ್‌ನ ರೊಟ್ಟಿಗೆ ಕೈ ನೀಡಲಿಕ್ಕೆ ಆಗದೆ ಬಾಯಿ ತೆರೆದು ನಿಂತರು. ಹಿಂದಿನಿಂದ ಯಾರೋ ನೋಡಿ ಪಿಸಪಿಸ ಮಾಡಿದ್ದು ಕಿವಿಗೆ ಬಿದ್ದಿದೆ. ಅಲ್ಲಿಂದ ಹೀಗೆ ಆಗಿದ್ದಾರೆ. ಇವತ್ತೊಂದು ದಿನ ಅವರು ಹಳೆಯ ಝೇವಿಯರ್ ಆಗಿರ್ಲಿ ಬಿಡು. ಗಾಡಿ ಗೇಟು ದಾಟಲಿ. ಆಮೇಲೆ ನಾನೇ ಸೆಡ್ರಿಕ್‌ಗೆ ಫೋನ್ ಮಾಡಿ ಹೇಳ್ತೇನೆ.”

“ನೀವು ಹೇಳಿದರೆ ಅವ ನಂಬ್ತಾನಾ? ಪಾಪದ ಹುಡುಗನಿಗೆ ಒಂದು ಕೆಲಸ ಕೊಡು ಅಂತ ಕೇಳಿದ ಹಾಗೆ ಆಗ್ತದೆ ಅಷ್ಟೆ.”

ಬಾಯಮ್ಮ ಗ್ಲಾಸನ್ನು ನಳ್ಳಿಯ ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದರು. ನಾನು ಸಾಬೂನು ಹಚ್ಚಿ ಉಗುರು ತಿಕ್ಕಿದೆ. ಹೋಗಲಿಲ್ಲ.

ಅಷ್ಟರಲ್ಲಿ ಇಂಜಿನ್ ನಿಲ್ಲಿಸಿದ್ದು ಕೇಳಿತು. ಸೆಡ್ರಿಕ್‌ನ ದನಿ: “ಅಂಕಲ್, ಆ ಶಿಲುಬೆ ತೋರಿಸಿ. ಅದಿಲ್ಲದೆ ವಿಡಿಯೊ ಮುಗಿಯುವುದಿಲ್ಲ.”

ನಾನು ಒದ್ದೆ ಕೈಯಲ್ಲೇ ಓಡಿ ಬಂದೆ.

ಆ ಶಿಲುಬೆಯ ವಿಷಯ ಹೇಳಬೇಕು. ಪೊರ್ಬುಗಳದ್ದು ಒಂದು ಕ್ರಮ. ಇಂಜಿನ್ ಕಟ್ಟಿ ಮುಗಿದ ಮೇಲೆ, ಕೊನೆಯ ಮುಚ್ಚಳ ಹಾಕುವ ಮೊದಲು, ಅದರ ಒಳಮೈಯಲ್ಲಿ ಚೂಪು ಮೊಳೆಯಿಂದ ಒಂದು ಸಣ್ಣ ಶಿಲುಬೆ ಗೀರುತ್ತಾರೆ, ಕೆಳಗೆ ಇಸವಿ. ಹೊರಗಿನಿಂದ ಕಾಣುವುದಿಲ್ಲ. ನಲವತ್ತು ವರ್ಷದಿಂದ ಅವರು ಕಟ್ಟಿದ ಎಲ್ಲ ಇಂಜಿನ್ನಿನಲ್ಲೂ ಅದು ಇದೆ. ಹಳೆಯ ಗಾಡಿ ಕೊಳ್ಳುವವರು ಮುಚ್ಚಳ ಬಿಚ್ಚಿ ಅದನ್ನು ಹುಡುಕುತ್ತಾರೆ. ಅದು ಇದ್ದರೆ ಝೇವಿಯರ್ ಕೈಯ ಕೆಲಸ. ಇಲ್ಲದಿದ್ದರೆ ಬರೀ ಬಾಯಿಮಾತು.

ಕಳೆದ ಡಿಸೆಂಬರಿನಲ್ಲಿ ಈ ಇಂಜಿನ್ ಮುಗಿದ ದಿನ ಅವರು ಮೊಳೆ ಹಿಡಿದು ನೋಡಿದರು. ತುದಿ ಮುಚ್ಚಳದ ಮೇಲೆ ಕುಣಿಯಿತು. ಎರಡು ಸಲ ಪ್ರಯತ್ನ ಮಾಡಿ ಮೊಳೆಯನ್ನು ನನ್ನ ಕಡೆ ನೀಡಿದರು. “ನೀನು ಹಾಕು. ನನ್ನದೇ ಅಂತ ಹಾಕು” ಎಂದು ಮುಖ ತಿರುಗಿಸಿ ರಸ್ತೆ ನೋಡುತ್ತಾ ಕೂತರು.

ನಾನು ಮುಚ್ಚಳವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೊಳೆ ಊರಿದೆ. ನಮ್ಮ ಮನೆಯಲ್ಲಿ ಅಕ್ಕಿ ತರುವ ಚೀಟಿಯಾದರೂ ಸರಿ, ತಲೆಯಲ್ಲಿ ಒಂದು ಶ್ರೀ ಬರೆಯದೆ ಮುಂದಿನ ಅಕ್ಷರ ಬರೆಯುವುದಿಲ್ಲ. ಮೂರು ವರ್ಷದವನಿದ್ದಾಗ ಅಪ್ಪ ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸಿದ್ದು ಅದನ್ನೇ. ಶಾಲೆಯಲ್ಲಿ ಗಣಿತದ ಪರೀಕ್ಷೆಯ ಹಾಳೆಯ ಮೇಲೂ ಬರೆದಿದ್ದೆ. ನನಗೆ ದೇವರು ದಿಂಡಿರ ಮೇಲೆ ಅಂಥ ಭಕ್ತಿಯೇನೂ ಇಲ್ಲ. ಆದರೆ ಕೈಗೆ ಅದೆಲ್ಲ ಗೊತ್ತಿರುವುದಿಲ್ಲ. ನೋಡುವಾಗ ಶ್ರೀ ಬಿದ್ದಾಗಿತ್ತು. ಅದರ ಕೆಳಗೆ ಶಿಲುಬೆ ಹಾಕಿದೆ. ಅದರ ಕೆಳಗೆ ಇಸವಿ.

ಮರಳು ಕಾಗದ ಕೈಗೆ ಎಟುಕುವಲ್ಲೇ ಇತ್ತು. ಎರಡು ಸಲ ಉಜ್ಜಿದ್ದರೆ ಹೋಗುತ್ತಿತ್ತು. ನಾನು ಉಜ್ಜಲಿಲ್ಲ. ಯಾಕೆ ಎಂದು ಆಗ ನನ್ನನ್ನು ಕೇಳಿಕೊಳ್ಳಲೂ ಇಲ್ಲ. ಪೊರ್ಬುಗಳು ಆಯಿತಾ ಎಂದರು. ಆಯಿತು ಎಂದೆ. ಮುಚ್ಚಳ ಹಾಕಿ ಸ್ಕ್ರೂ ಬಿಗಿದೆ. ಅವರು ಹಣೆ, ಎದೆ, ಹೆಗಲು ಮುಟ್ಟಿ ಶಿಲುಬೆ ಮಾಡಿಕೊಂಡರು. ಆ ಮುಚ್ಚಳ ಮತ್ತೆ ತೆರೆದಿರಲಿಲ್ಲ.

“ಈಗ ಬೇಡ ಸರ್” ಎಂದೆ ನಾನು. “ಇಂಜಿನ್ ಬಿಸಿ ಉಂಟು. ಈಗ ಬಿಚ್ಚಬಾರದು.”

ಸೆಡ್ರಿಕ್ ಪೊರ್ಬುಗಳನ್ನು ನೋಡಿದ.

“ನಿನ್ನ ಹತ್ತಿರ ಯಾರಾದ್ರೂ ಕೇಳಿದ್ರಾ?” ಎಂದರು ಪೊರ್ಬುಗಳು. “ಎರಡು ನಿಮಿಷ ಓಡಿದ ಇಂಜಿನ್ನಿಗೆ ಎಂತ ಬಿಸಿ? ಕಂಡಕಂಡಲ್ಲಿ ಬಾಯಿ ಹಾಕುವ ಅಭ್ಯಾಸ ಇವನದ್ದು. ಬಿಚ್ಚಿ ತೋರಿಸು.”

“ಪೊರ್ಬುಳೇ, ನಾಳೆ ಬಿಚ್ಚುವ. ತಣಿಯಲಿ.” ನಾನು ಅವರ ಕಣ್ಣನ್ನೇ ನೋಡುತ್ತಾ ಹೇಳಿದೆ. ಅವರಿಗೆ ಅರ್ಥವಾಗಲಿ ಎಂದು ತಲೆಯನ್ನು ಸಣ್ಣಗೆ ಅಲ್ಲಾಡಿಸಿದೆ. ಜೀವನದಲ್ಲಿ ಮೊದಲ ಸಲ ನಾನು ಒಬ್ಬರ ಮುಂದೆ ಬೇಡಿಕೊಂಡದ್ದು ಅದು.

“ಬಿಚ್ಚು ಅಂತ ಹೇಳಿದ್ದು ಕೇಳಿಸಲಿಲ್ವಾ? ಇಲ್ಲದಿದ್ದರೆ ಸ್ಕ್ರೂಡ್ರೈವರ್ ಅಲ್ಲಿಟ್ಟು ಹೋಗು.”

ಬಿಚ್ಚಿದೆ. ಬಿಚ್ಚಿದ ಮುಚ್ಚಳವನ್ನು ನಾನೇ ಸೆಡ್ರಿಕ್‌ನ ಕೈಗೆ ಕೊಟ್ಟೆ. ಅವನು ಅದನ್ನು ಬಿಸಿಲಿಗೆ ಹಿಡಿದು ವಾಲಿಸಿದ. ಇರ್ವಿನ್ ಫೋನನ್ನು ಹತ್ತಿರ ತಂದು, “ನೋಡಿ ಫ್ರೆಂಡ್ಸ್, ಇದೇ ಆ ಫೇಮಸ್...” ಎಂದು ಶುರು ಮಾಡಿದವನು ಅಲ್ಲೇ ನಿಲ್ಲಿಸಿದ.

“ಇದೆಂತ?” ಎಂದ ಸೆಡ್ರಿಕ್. ಆಮೇಲೆ ನಕ್ಕ. “ಅಂಕಲ್, ಎಂತ ಇದು? ನೀವು ಯಾವಾಗಿಂದ ಶ್ರೀ ಬರೆಯಲಿಕ್ಕೆ ಶುರು ಮಾಡಿದ್ದು? ವಿಗಾರ್ ಫಾದರಿಗೆ ಗೊತ್ತುಂಟಾ?”

ಗೇಟಿನ ಹತ್ತಿರದವರು ನೋಡಲು ಒಳಗೆ ಬಂದರು. ಮುಚ್ಚಳ ಕೈಯಿಂದ ಕೈಗೆ ಹೋಯಿತು. ಪೊರ್ಬುಗಳು ಕೂತಲ್ಲಿಂದಲೇ ಕತ್ತು ಉದ್ದ ಮಾಡಿದರು. ಸೆಡ್ರಿಕ್ ಅದನ್ನು ಅವರ ಮುಖದ ಮುಂದೆ ಹಿಡಿದ. ಅವರು ತುಂಬ ಹೊತ್ತು ನೋಡಿದರು. ಮುಖದ ಮೇಲಿದ್ದ ಹಳೆಯ ಝೇವಿಯರ್ ಅಲ್ಲೇ ಸ್ವಲ್ಪ ಸ್ವಲ್ಪವಾಗಿ ಇಳಿದುಹೋಗುವುದು ನನಗೆ ಕಂಡಿತು.

“ಇವನು ಗೀಚಿದ್ದು” ಎಂದರು. ದನಿ ಸಣ್ಣದಾಗಿತ್ತು. ಆಮೇಲೆ ಜೋರು ಮಾಡಿದರು. “ನಾನು ಶಿಲುಬೆ ಹಾಕಿ ಇಟ್ಟಿದ್ದೆ. ಊಟಕ್ಕೆ ಹೋದಾಗ ಇವ ಕೀಟಲೆಗೆ ಮೇಲೆ ಗೀಚಿದ್ದಾನೆ. ಅನ್ನ ಹಾಕಿದ ಮನೆಯ ಗುರುತಿನ ಮೇಲೆ! ಕಳ್ಳ ಬುದ್ಧಿ. ಹನ್ನೊಂದು ವರ್ಷ ಮನೆಮಗನ ಹಾಗೆ ಇಟ್ಟುಕೊಂಡದ್ದಕ್ಕೆ...” ನನ್ನನ್ನು ತೋರಿಸಲು ಅವರು ಬಲಗೈ ಎತ್ತಿದರು. ಬೈರಾಸು ಜಾರಿ ಕೆಳಗೆ ಬಿತ್ತು.

ಕೈ ಗಾಳಿಯಲ್ಲಿ ನಿಂತಿತು. ನಿಂತಿತು ಎಂದೆನಲ್ಲ, ನಿಲ್ಲಲಿಲ್ಲ. ಬೆರಳು ಐದೂ ಬೇರೆಬೇರೆ ಕಡೆಗೆ ಅಲುಗಿದವು. ಅವರು ಎಡಗೈಯಿಂದ ಅದನ್ನು ಹಿಡಿದರು. ಆಗ ಎರಡೂ ಸೇರಿ ನಡುಗಿದವು. ನಗುತ್ತಿದ್ದವರು ನಗು ನಿಲ್ಲಿಸಿದರು. ಬಾಯಮ್ಮ ಬಂದು ಬೈರಾಸು ಎತ್ತಿ, ಕೊಡವಿ, ಮತ್ತೆ ಅವರ ಮಡಿಲಲ್ಲಿ ಹರಡಿದರು. ಇರ್ವಿನ್ ಫೋನ್ ಇಳಿಸಲಿಲ್ಲ.

ಸೆಡ್ರಿಕ್ ದಡ್ಡನಲ್ಲ. ಮುಚ್ಚಳವನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದ. ಶ್ರೀ ಮತ್ತು ಶಿಲುಬೆ ಎರಡರ ಗೀರೂ ಒಂದೇ ಆಳ, ಒಂದೇ ಬಿಗಿ. ಶಿಲುಬೆಯ ಉದ್ದಗೆರೆ ಅಡಿಕೋಲು ಇಟ್ಟು ಎಳೆದಷ್ಟು ನೇರ. ಅವನು ಟ್ಯಾಂಕಿನ ಬಿಳಿ ಗೆರೆ ನೋಡಿದ. ಬೈರಾಸು ನೋಡಿದ. ಕೊನೆಗೆ ನನ್ನನ್ನು ನೋಡಿದ. ಬಂದಾಗಿನಿಂದ ಅವನು ನನ್ನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

“ನಿನ್ನ ಹೆಸರೆಂತ?”

“ರಘುವೀರ.”

“ರಘುವೀರ, ಸತ್ಯ ಹೇಳು. ಈ ಇಂಜಿನ್ ಕಟ್ಟಿದ್ದು ಯಾರು?”

ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರಿನ ಹಿಡಿ ತಿರುಗಿಸಿದೆ.

“ಹೆದರ್ಬೇಡ ಮಾರಾಯ. ಗಾಡಿ ನಾನು ಹೇಗೂ ತಗೊಳ್ತೇನೆ. ಸದ್ದು ಕೇಳಿದೆ, ಅಷ್ಟು ಸಾಕು. ಆದರೆ ನನಗೆ ಬಿಜೈಯಲ್ಲಿ ಇನ್ನೂ ಆರು ಬಿದ್ದುಕೊಂಡಿವೆ. ಕಟ್ಟಿದವನು ಬೇಕು ನನಗೆ, ಒರೆಸುವವನಲ್ಲ. ನೀನು ಕಟ್ಟಿದ್ದಾದರೆ ನಾಳೆ ಬೆಳಿಗ್ಗೆ ಬಾ. ಅಂಕಲ್ ಹೇಳಿದ ಹಾಗೆ ಬರೀ ಕೀಟಲೆಗೆ ಗೀಚಿದ್ದಾದರೆ ಅದನ್ನೂ ಹೇಳು. ಎರಡರಲ್ಲಿ ಒಂದು.”

ನಾಲ್ಕು ವರ್ಷ ನಾನು ಕಾದದ್ದು ಈ ಮಾತಿಗೆ. ನಾನು ಎಂಬ ಎರಡು ಅಕ್ಷರ ಹೇಳಿದರೆ ಮುಗಿಯಿತು. ಪಂಪ್‌ವೆಲ್ಲಿನ ಟೈಯವನಿಗೆ, ಗಣಿತದ ಮಾಸ್ಟ್ರಿಗೆ, ನನ್ನ ಉಗುರು ನೋಡುವ ಅಪ್ಪನಿಗೆ, ಎಲ್ಲರಿಗೂ ಒಂದೇ ಸಲ ಹೇಳಿದ ಹಾಗಾಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು.

“ಪಣ್ಲ ಮಗಾ” ಎಂದರು ಪೊರ್ಬುಗಳು.

ಹೇಳು ಮಗ ಎಂದು. ತುಳುವಿನಲ್ಲಿ, ಇಂಜಿನ್ನಿನ ಮುಂದೆ ನಾವಿಬ್ಬರೇ ಇರುವಾಗಿನ ದನಿಯಲ್ಲಿ. ಯಾವುದನ್ನು ಹೇಳು ಎಂದು ಅವರು ಹೇಳಲಿಲ್ಲ. ಇರ್ವಿನ್‌ನ ಫೋನು ಅವರ ಮುಖದಿಂದ ನನ್ನ ಮುಖಕ್ಕೆ ಬಂತು. ಬಾಯಮ್ಮ ಕುರ್ಚಿಯ ಹಿಂದೆ ನಿಂತು ಗಂಡನ ಹೆಗಲು ಹಿಡಿದುಕೊಂಡಿದ್ದರು. ಅವರು ನನ್ನನ್ನು ನೋಡದೆ ನೆಲ ನೋಡುತ್ತಿದ್ದರು.

ಹೌದು, ನಾನೇ ಎಂದರೆ ಈ ಮುದುಕನ ನಲವತ್ತು ವರ್ಷದ ಶಿಲುಬೆ ಇವತ್ತು ಸಂಜೆಯ ಒಳಗೆ ಊರಿನ ಫೋನುಗಳಲ್ಲೆಲ್ಲ ನಗೆಪಾಟಲು. ಕೀಟಲೆಗೆ ಗೀಚಿದೆ ಎಂದರೆ ನಾನು ಸಾಯುವವರೆಗೂ ಕಳ್ಳ. ಆದರೆ ಇವೆರಡೂ ನನ್ನನ್ನು ತಡೆಯಲಿಲ್ಲ. ಸಿಟ್ಟು ತಡೆಯಿತು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನಾಗಿರಲಿಲ್ಲ. ನಿನ್ನೆ ಸಂಜೆ ಮಾತು ಕೊಟ್ಟವರು ಅಲ್ಲೇ, ಮೂರು ಮಾರು ದೂರದಲ್ಲಿ ಕೂತಿದ್ದರು. ಅವರ ಬಾಯಿಗೆ ನಡುಕ ಬಂದಿರಲಿಲ್ಲ.

ಸೆಡ್ರಿಕ್‌ನ ಕೈಯಿಂದ ಮುಚ್ಚಳ ತೆಗೆದುಕೊಂಡೆ. ಅದನ್ನು ಇಂಜಿನ್ನಿಗೆ ಕೂರಿಸಿ ಸ್ಕ್ರೂ ಬಿಗಿದೆ. ಅತಿ ಬಿಗಿದರೆ ಸ್ಕ್ರೂವಿನ ಎಳೆ ಕೆಡುತ್ತದೆ, ಕಾಲು ಸುತ್ತು ಮೊದಲೇ ನಿಲ್ಲಿಸಬೇಕು ಎಂದು ಕಲಿಸಿದ್ದು ಅವರೇ. ಅಲ್ಲಿಗೇ ನಿಲ್ಲಿಸಿದೆ. ಮುಚ್ಚಳದ ಮೇಲೆ ಎಲ್ಲರ ಬೆರಳಿನ ಗುರುತು ಬಿದ್ದಿತ್ತು. ಬಟ್ಟೆಯಿಂದ ಒರೆಸಿದೆ. ಹೆಡ್‌ಲೈಟಿನಿಂದ ಮೊಳೆಯನ್ನು ಕಿತ್ತು ಸೀಟಿನ ಮೇಲಿಟ್ಟೆ. ಸ್ಕ್ರೂಡ್ರೈವರನ್ನು ಪೊರ್ಬುಗಳ ಮಡಿಲಿನ ಬೈರಾಸಿನ ಮೇಲಿಟ್ಟೆ. ಅದು ಅಲ್ಲಿ ಅಲುಗುತ್ತಾ ಇತ್ತು.

“ಓ ಹಲೋ” ಎಂದ ಇರ್ವಿನ್. “ಒಂದು ಮಾತು ಹೇಳಿ ಹೋಗು.”

ನಾನು ಗೇಟಿನ ಕಡೆ ನಡೆದೆ. ಒಳಗೆ ಬಂದಿದ್ದ ನೆರೆಯವರು ದಾರಿ ಬಿಟ್ಟರು.

“ರಘುವೀರ! ಕೇಳಿದ್ದಕ್ಕೆ ಉತ್ತರ ಕೊಡ್ಲಿಕ್ಕೆ ಆಗುವುದಿಲ್ವಾ?” ಇದು ಸೆಡ್ರಿಕ್.

ಕುರ್ಚಿ ಕಲ್ಲಿನ ಮೇಲೆ ಎಳೆದ ಸದ್ದಾಯಿತು. ಪೊರ್ಬುಗಳು ಏಳಲು ನೋಡಿದ್ದಿರಬೇಕು. ಏನೋ ಲೋಹದ್ದು ಕಲ್ಲಿನ ಮೇಲೆ ಬಿದ್ದು ಉರುಳಿತು. “ಭಟ್ಟ” ಎಂದು ಕೂಗಿದರು. ಸ್ವಲ್ಪ ತಡೆದು, “ರಘು” ಎಂದರು.

ಗೋಡೆಯ ಕೆಂಪು ಗುರುತನ್ನು ದಾಟಿ ರಸ್ತೆಗೆ ಇಳಿದೆ. ಪೇಟೆಯ ಕಡೆಗೆ ಹೋಗುವ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ ಎಲ್ಲಿಗೆ ಎಂದು ಕೇಳಿದ. ಅವನಿಗೂ ಏನೂ ಹೇಳದೆ ನಾನು ನಡೆಯುತ್ತಾ ಹೋದೆ.